ಮಸ್ಕಿ ದಾರಿಯ ಹುಣಸೆಮರ ಮತ್ತು ಎರಡು ಮಷಿನ್

ಕೆಂಪು ಮಷಿನ್ನಿನ ಚೈನು ಎಗರಿ ಸಾಲಗುಂದದ ಮರಕೊಯ್ಯುವವನ ಕೆನ್ನೆ ಸೀಳಿದೆ ಎಂಬ ಸುದ್ದಿ ನನಗೆ ತಲುಪಿದ್ದು ಮೊಬೈಲಿನ ಒಂದು ಧ್ವನಿ ಸಂದೇಶದಲ್ಲಿ. ಹೇಳುವವನು ಕೊನೆಗೆ ನಕ್ಕಿದ್ದ.

“ಕೆಂಪು ಅಂದ್ರ ಹುಲಿ ಅಂತಿದ್ರಲ್ಲ, ಹುಣಸಿಮರ ಹುಲಿ ಹಲ್ಲು ಕಿತ್ತದ ನೋಡ್ರಿ. ಹಳದಿ ತಗೊಂಡಿದ್ರ ಹಿಂಗ ಆಗ್ತಿತ್ತೇನು?”

ಸಿಂಧನೂರಿನಲ್ಲಿ ನನ್ನದು ಮರ ಕೊಯ್ಯುವ ಮಷಿನ್ ರಿಪೇರಿಯ ಅಂಗಡಿ. ನಮ್ಮ ಕಡೆ ಈ ಕಸುಬಿನವರು ಎರಡು ಪಂಗಡ. ಎರಡು ಕಂಪನಿಗಳ ಹೆಸರನ್ನು ಯಾರೂ ಬಾಯಲ್ಲಿ ತರುವುದಿಲ್ಲ, ಬಣ್ಣದ ಮೇಲೆಯೇ ಮಾತು. ಕೆಂಪಿನವರಿಗೆ ತಮ್ಮ ಮಷಿನ್ ಮಗನ ಕಾಲಕ್ಕೂ ಬಾಳುತ್ತದೆ ಎಂಬ ಜಂಬ. ಹಳದಿಯವರು ತಮ್ಮದು ಹಗುರ, ಒಂದೇ ಎಳೆತಕ್ಕೆ ಸುರು ಆಗುತ್ತದೆ, ಬಿಸಿಲಿಗೆ ಕುದಿಯುವುದಿಲ್ಲ ಎನ್ನುತ್ತಾರೆ. ನೂರಾರು ಜನರ ವಾಟ್ಸಾಪ್ ಗುಂಪಿನಲ್ಲಿ ದಿನವೂ ಇದೇ ಜಗಳ. ಒಬ್ಬ ಪಿಸ್ಟನ್ನಿನ ಫೋಟೊ ಹಾಕಿದರೆ ಇನ್ನೊಬ್ಬ ಒಡೆದ ಕ್ಲಚ್ಚಿನದು ಹಾಕುತ್ತಾನೆ. ಎರಡನ್ನೂ ಬಿಚ್ಚುವ ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಅಂಗಡಿಯಲ್ಲಿ ಮಾರುವುದು ಕೆಂಪನ್ನು. ಮಾತಿಗೆ ನಾನೂ ಬಿದ್ದಿದ್ದೆ. ಸಾಲಗುಂದದವನಿಗೆ ಆ ಮಷಿನ್ ಕೊಟ್ಟವನು ನಾನು, ಎರಡು ದಿನದ ಹಿಂದೆ ಚೈನಿನ ಹಲ್ಲು ಅರದಿಂದ ಉಜ್ಜಿ ಚೂಪು ಮಾಡಿ ಕಳಿಸಿದವನೂ ನಾನೇ.

ಮಧ್ಯಾಹ್ನದ ಹೊತ್ತಿಗೆ ಅವನ ಭಾವಮೈದುನ ಮಷಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ತಂದ. ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

“ಹತ್ತು ಹೊಲಿಗಿ ಹಾಕ್ಯಾರ್ರಿ. ಕಣ್ಣು ಉಳಿದದ್ದು ದೊಡ್ಡದು. ನೀವು ಅರ ಹಾಕಿದ್ದು ತಪ್ಪಾಗೇದಂತ ಮನ್ಯಾಗ ಅನ್ನಾಕತ್ತಾರ.”

ನಾನು ಚೈನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಹಾಸಿದೆ. ಮೊಂಡಾದ ಚೈನು ಹೇಗಿರುತ್ತದೆ ಎಂಬುದು ನನಗೆ ಗೊತ್ತು. ಮಣ್ಣು ತಾಗಿದರೆ ಹಲ್ಲುಗಳ ತುದಿ ಎಲ್ಲವೂ ಒಂದೇ ಸಮ ಉರುಟಾಗಿ ಹೊಳೆಯುತ್ತವೆ. ಅರ ಓರೆಯಾಗಿ ಹಾಕಿದ್ದರೆ ಒಂದು ಬದಿಯ ಹಲ್ಲುಗಳಷ್ಟೇ ಸವೆಯುತ್ತವೆ. ಇಲ್ಲಿ ಹಾಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಹಲ್ಲು ಬುಡಸಮೇತ ಹಾರಿಹೋಗಿತ್ತು, ಪಕ್ಕದವು ಹೊಸದರ ಹಾಗೆ ಚೂಪಾಗಿದ್ದವು. ಚೈನು ಓಡುವ ಉಕ್ಕಿನ ಪಟ್ಟಿಯ, ಅಂದರೆ ಬಾರಿನ, ಸಂದಿಯಲ್ಲಿ ಸಿಕ್ಕಿದ್ದ ಮರದ ಹುಡಿಯನ್ನು ಬೆರಳಿಗೆ ಹಚ್ಚಿಕೊಂಡೆ. ಹುಣಸೆಯ ಹುಡಿ ಒಣಗಿದರೆ ಕಂದು. ಇದು ಮಸಿಯಷ್ಟು ಕಪ್ಪಗಿತ್ತು, ಒದ್ದೆಯಾಗಿತ್ತು.

ಮರುದಿನ ಮುಂಜಾನೆಯ ಬಸ್ಸಿಗೆ ಲಿಂಗಸುಗೂರಿಗೆ ಹೋದೆ. ಆಸ್ಪತ್ರೆಯ ಮಂಚದ ಮೇಲೆ ಸಾಲಗುಂದದವನು ಮುಖದ ಅರ್ಧಕ್ಕೆ ಪಟ್ಟಿ ಸುತ್ತಿಕೊಂಡು ಕೂತಿದ್ದ. ಮರ ಕೊಯ್ಯುವುದರಲ್ಲಿ ಅವನು ಎಳಸಲ್ಲ, ಹದಿನೈದು ವರ್ಷದ ಕೈ. ನನ್ನನ್ನು ಕಂಡರೆ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ.

“ಚೈನ್ ನಿಮ್ದು ಛಲೋ ಇತ್ರಿ ಮಿಸ್ತ್ರಿ,” ಎಂದ, ತುಟಿ ಹೆಚ್ಚು ಅಲುಗಿಸದೆ. “ಬಾರ್ ಒಂದು ಗೇಣು ಒಳಗ ಹೋಗೋತನ ಬೆಣ್ಣಿಯಾಗ ಹೋದಂಗ ಹೋತು. ಆಮ್ಯಾಲ ಮರ ಹಿಡ್ಕೊಂತು.”

“ಹಿಡ್ಕೊಂತು ಅಂದ್ರ?”

“ಕೈ ಹಿಡ್ದಂಗ. ನಾ ಬಿಡಿಸಾಕ ಹೋದೆ, ಅದು ಬಿಟ್ಟು ನನ್ನ ಮಾರಿಗೇ ಒಗೀತು. ಅದಕ್ಕೂ ಮೊದಲ ಒಳಗಿಂದ ಸಪ್ಪಳ ಬಂತ್ರಿ. ಚೀರಿದಂಗ.” ಅವನು ಪಕ್ಕದ ಮಂಚದತ್ತ ನೋಡಿ ದನಿ ತಗ್ಗಿಸಿದ. “ಹೆಣ್ಮಗಳು ಚೀರಿದಂಗ.”

ಆ ಮರ ಇದ್ದದ್ದು ಮಸ್ಕಿಗೂ ಲಿಂಗಸುಗೂರಿಗೂ ನಡುವೆ, ರಸ್ತೆ ಅಗಲ ಮಾಡುವ ಗೆರೆಯ ಒಳಗೆ. ಸಾಲು ಬೇವು, ಜಾಲಿ, ಹುಣಸೆ ಎಲ್ಲ ಬಿದ್ದು ಹೋಗಿ ಅದೊಂದೇ ಉಳಿದಿತ್ತು. ನಾನು ಆಟೊ ಇಳಿದಾಗ ಹತ್ತು ಗಂಟೆ. ಕಪ್ಪು ಹೊಲದ ಆಚೆ ಮಸ್ಕಿಯ ಬಂಡೆಗಲ್ಲುಗಳ ಗುಡ್ಡ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಮರದ ನೆರಳಿಗೆ ಹೋದೊಡನೆ ಕಾಲಡಿಗೆ ಏನೋ ಪಚಕ್ಕೆಂದಿತು. ನೋಡಿದರೆ ಹುಣಸೆಹಣ್ಣು. ನೆಲದ ತುಂಬ, ಮೊಣಕಾಲು ಮುಟ್ಟುವ ಹುಲ್ಲಿನ ನಡುವೆ, ಈ ವರ್ಷದ್ದರ ಕೆಳಗೆ ಹೋದ ವರ್ಷದ್ದು, ಅದರ ಕೆಳಗೆ ಇನ್ನೂ ಹಿಂದಿನದು. ಹುಣಸೆಹಣ್ಣಿಗೆ ಒಳ್ಳೆ ಬೆಲೆ ಇರುವ ಈ ಸೀಮೆಯಲ್ಲಿ, ದಾರಿಬದಿಯ ಮರದ ಹಣ್ಣನ್ನು ಒಬ್ಬರೂ ಆರಿಸಿರಲಿಲ್ಲ.

ಧ್ವನಿ ಸಂದೇಶ ಕಳಿಸಿದ್ದ ಹಳದಿ ಮಷಿನ್ನಿನವನು, ಮುದಗಲ್ಲಿನವನು, ದೂರದಲ್ಲಿ ಟ್ರ್ಯಾಕ್ಟರಿನ ನೆರಳಿಗೆ ಕೂತಿದ್ದ. ಅವನೊಂದಿಗೆ ಐದಾರು ಆಳು. ಯಾರೂ ಕೆಲಸ ಮಾಡುತ್ತಿರಲಿಲ್ಲ.

“ಬರ್ರಿ ಮಿಸ್ತ್ರಿ, ಬರ್ರಿ. ನಿಮ್ಮ ಹುಲಿ ಏನಂತದ?” ಎಂದ. ಮಾತು ಜೋರಾಗಿತ್ತು, ಕಣ್ಣು ನನ್ನ ಮೇಲಿರಲಿಲ್ಲ.

“ನಿನ್ನ ಮಷಿನ್ ಎಲ್ಲಿ? ಮರ ಇನ್ನೂ ನಿಂತದಲ್ಲ.”

ಆಳೊಬ್ಬ ಟ್ರ್ಯಾಕ್ಟರಿನ ಕೆಳಗೆ ನೋಡಿದ. ನಾನು ಬಗ್ಗಿ ಅಲ್ಲಿ ಹೊದಿಸಿದ್ದ ತಾಡಪತ್ರಿ ಎತ್ತಿದೆ. ಹಳದಿ ಮಷಿನ್ನು ಅಡ್ಡ ಮಲಗಿತ್ತು. ಚೈನಿನಲ್ಲಿ ಏಳು ಹಲ್ಲು ಇರಲಿಲ್ಲ. ಒತ್ತಿ ಒತ್ತಿ ಓಡಿಸಿ ಇಂಜಿನ್ ಬಿಗಿದುಕೊಂಡಿತ್ತು, ಹಗ್ಗ ಎಳೆದರೆ ಅಲ್ಲಾಡಲಿಲ್ಲ.

“ಖುದಾಕೀ ಕಸಮ್ ಮಿಸ್ತ್ರಿ, ಗುಂಪಿನ್ಯಾಗ ಹಾಕಬ್ಯಾಡ್ರಿ,” ಎಂದ ಮುದಗಲ್ಲಿನವನು ಮೆಲ್ಲಗೆ. “ನಿನ್ನೆ ಸಂಜೀಕ ಹೋತು. ಅದೇ ಜಾಗಾದಾಗ. ಅದೇ ಸಪ್ಪಳ.”

ಚೀಲದಲ್ಲಿ ತಂದಿದ್ದ ಕೆಂಪಿನ ಚೈನನ್ನೂ ಹಳದಿಯದನ್ನೂ ಪಕ್ಕಪಕ್ಕ ನೆಲದ ಮೇಲೆ ಚಾಚಿ ಹೋಲಿಸಿದೆ. ಹಲ್ಲು ಮುರಿದ ರೀತಿ ಒಂದೇ. ನನ್ನ ಅರದ ತಪ್ಪಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ.

ಮರದ ಹತ್ತಿರ ಹೋದೆ. ಬುಡದಲ್ಲಿ ಬೇರಿನ ಉಬ್ಬು ವಿಪರೀತ ಅಗಲ, ಬಾರ್ ಸಾಲದು ಎಂದು ಇಬ್ಬರೂ ಸೊಂಟದೆತ್ತರಕ್ಕೆ ಬಾಯಿ ಹಾಕಿದ್ದರು. ಕೊಯ್ದ ಸಂದಿಯಿಂದ ಕಪ್ಪು ನೀರು ಇಳಿದು ತೊಗಟೆಯ ಮೇಲೆ ನೆಲದವರೆಗೆ ಗೆರೆ ಎಳೆದಿತ್ತು. ಆಳುಗಳು ಅದಕ್ಕೆ ರಕ್ತ ಎನ್ನುತ್ತಿದ್ದರು. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಕಲಿತ ನನಗೆ ಬೇರೆ ನೆನಪಾಯಿತು. ಒಗರಿನ ಮರದೊಳಗೆ ಕಬ್ಬಿಣ ಕೂತರೆ ಅದರ ರಸ ಮಸಿಯಾಗುತ್ತದೆ. ತೊಗಟೆಯ ಮೇಲೆ ಕಬ್ಬಿಣ ಮಾತ್ರ ಎಲ್ಲೂ ಕಾಣಲಿಲ್ಲ.

ನನ್ನ ಚೀಲದಲ್ಲಿ ಒಡೆದ ಸ್ಪೀಕರಿನ ಆಯಸ್ಕಾಂತ ಒಂದು ಇರುತ್ತದೆ, ಬಿದ್ದ ನಟ್ಟು ಹುಡುಕಲಿಕ್ಕೆ. ಅದಕ್ಕೆ ದಾರ ಕಟ್ಟಿ ತೊಗಟೆಗೆ ಸನಿಹ ಇಳಿಬಿಟ್ಟೆ. ಗಾಳಿ ಇರಲಿಲ್ಲ. ಆಯಸ್ಕಾಂತ ಒಂದು ಕ್ಷಣ ನೆಟ್ಟಗೆ ತೂಗಿ, ತಾನಾಗಿ ಮರದ ಕಡೆಗೆ ಸರಿದು ತೊಗಟೆಗೆ ಹತ್ತಿಕೊಂಡಿತು. ಕಿತ್ತು ಅರ್ಧ ಗೇಣು ಆಚೆ ಹಿಡಿದೆ. ಮತ್ತೆ ಹತ್ತಿಕೊಂಡಿತು. ಸುತ್ತು ಹಾಕುತ್ತ ಹೋದೆ. ಮೊಣಕಾಲಿನಿಂದ ಎದೆಯ ತನಕ, ಎಲ್ಲಿ ಹಿಡಿದರೂ ದಾರ ನನ್ನ ಕೈ ಬಿಟ್ಟು ಮರದತ್ತ ಎಳೆಯುತ್ತಿತ್ತು. ಎದೆಗಿಂತ ಮೇಲೆ ಏನೂ ಇಲ್ಲ. ಸುತ್ತು ಮುಗಿಸಿ ತಿರುಗಿದಾಗ ಆಳುಗಳೆಲ್ಲ ಎದ್ದು ನಿಂತಿದ್ದರು. ಅವರಿಗೆ ಕಂಡದ್ದು ಮರ ನನ್ನ ದಾರ ಎಳೆದುಕೊಳ್ಳುವುದು ಮಾತ್ರ.

ಉಳಿಯಿಂದ ತೊಗಟೆ ಕೆತ್ತಿದೆ. ಎರಡು ಬೆರಳಿನ ಆಳದಲ್ಲಿ ಮೊಳೆಯ ತಲೆ. ಕಮ್ಮಾರ ಬಡಿದು ಮಾಡಿದ, ಗೇಣುದ್ದದ ಮೊಳೆ. ಅದರ ಕೊರಳಿಗೆ ಕೂದಲು ಸುತ್ತಿತ್ತು.

“ಗಾಳಿ ಮೊಳಿ,” ಎಂದ ಹಿರಿಯ ಆಳೊಬ್ಬ. “ನಾವು ಸಣ್ಣವರಿದ್ದಾಗ ಕೇಳಿದ್ವಿ. ಇದೇ ಮರ ಅಂತ ಗೊತ್ತಿರ್ಲಿಲ್ರೀ. ಗಾಳಿ ಬಡಿದ ಹೆಣ್ಮಕ್ಕಳ್ನ ತಂದು, ಮರಕ್ಕ ಒರಗಿಸಿ, ಕೂದಲಾ ಹಿಡಿದು ಮೊಳಿ ಹೊಡೀತಿದ್ರು. ಗಾಳಿ ಮರದಾಗ ಉಳೀತಿತ್ತು. ಕಿತ್ತವರಿಗೆ ಬಡೀತದ.”

ಅವರೆಲ್ಲ ಟ್ರ್ಯಾಕ್ಟರಿನ ಆಚೆ ಹೋಗಿ ನಿಂತರು. ಕಾರಣ ಸಿಕ್ಕಿದ ಮೇಲೂ ಹೆದರಿಕೆ ಹೋಗದಿದ್ದದ್ದು ನನಗೆ ಅದೇ ಮೊದಲು. ಈ ಒಂದು ಮರದೊಳಗೆ ಎಷ್ಟು ಹೆಂಗಸರು ನಿಂತಿದ್ದಾರೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಫೋನಿನಲ್ಲಿ ರಸ್ತೆ ಕೆಲಸದ ಗುತ್ತಿಗೆದಾರನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ, ಎಂದು ಬೀಳುತ್ತದೆ ಅಂತ. ನಾನು ಸುಲಭದ ದಾರಿ ಹೇಳಿದೆ. ಡ್ರಮ್ಮುಗಳ ಮೇಲೆ ಹಲಗೆ ಹಾಕಿ ಅಟ್ಟಣಿಗೆ ಕಟ್ಟುವುದು, ಮೊಳೆ ಇಲ್ಲದ ತಲೆಯೆತ್ತರಕ್ಕೆ ಕೊಯ್ದು ಕೆಡಹುವುದು, ಉಳಿದ ಬೊಡ್ಡೆಯನ್ನು ಜೆಸಿಬಿಯಿಂದ ಕಿತ್ತು ಹಳ್ಳಕ್ಕೆ ನೂಕುವುದು. ಅವನು ಒಪ್ಪಿದ. ನಾನು ಹಲಗೆ ನೋಡತೊಡಗಿದೆ.

ಅಷ್ಟರಲ್ಲಿ ಆಳುಗಳಿಗೆ ರೊಟ್ಟಿ ಬಂತು. ಹತ್ತಿರದ ಊರಿನ ಒಬ್ಬ ಹೆಂಗಸು ದಿನವೂ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಹೊತ್ತು ತರುತ್ತಿದ್ದಳಂತೆ. ಎಲ್ಲರೂ ಅವಳನ್ನು ರೊಟ್ಟಿ ಅಕ್ಕ ಎನ್ನುತ್ತಿದ್ದರು. ಐವತ್ತೈದರ ಆಸುಪಾಸು, ಗಟ್ಟಿ ಮೈಕಟ್ಟು, ತಲೆ ಪೂರ್ತಿ ಬಿಳಿ. ಬುಟ್ಟಿ ಇಳಿಸಿದವಳು ನಾನು ಕೆತ್ತಿದ ಜಾಗವನ್ನು ದೂರದಿಂದಲೇ ನೋಡಿದಳು.

“ಈ ಬೊಡ್ಡಿ ಏನ ಮಾಡ್ತೀರಿ?”

“ಕಿತ್ತು ಹಳ್ಳಕ್ಕ ಹಾಕ್ತೀವಿ ಅಕ್ಕ.”

ಅವಳು ಸೆರಗು ಬಿಗಿದುಕೊಂಡು ಮರದ ಹತ್ತಿರ ಬಂದಳು. ಆಳುಗಳು ಬೇಡ ಬೇಡ ಎಂದರು. ಕೇಳಿಸಿಕೊಳ್ಳಲಿಲ್ಲ.

“ನಂದೊಂದು ಮೊಳಿ ಅದರಾಗ ಅದ,” ಎಂದಳು. “ಹಳ್ಳಕ್ಕ ಹಾಕಬ್ಯಾಡ್ರಿ. ನಂದು ನನಗ ತಗದು ಕೊಡ್ರಿ.”

ಮುದಗಲ್ಲಿನವನು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. “ಯಾವುದು ಅಂತ ಹೆಂಗ ಗೊತ್ತು ಅಕ್ಕ? ಭಾಳ ಅದಾವು,” ಎಂದೆ.

“ನಾ ನಿಂತಿದ್ದು ನನಗ ಗೊತ್ತಿಲ್ಲೇನು? ಗುಡ್ಡದ ಕಡೀಗೆ ಮಾರಿ ಮಾಡಿ ನಿಂದ್ರಿಸಿದ್ರು.” ಅವಳು ಸುತ್ತು ಬಂದು, ಮಸ್ಕಿ ಗುಡ್ಡಕ್ಕೆ ಮುಖ ಮಾಡಿ, ಬೆನ್ನನ್ನು ಮರಕ್ಕೆ ಹಚ್ಚಿ ನಿಂತಳು. ಹಿಂದಲೆ ತೊಗಟೆಗೆ ತಾಗಿತು. “ಇಲ್ಲೇ. ನೋಡ್ರಿ.”

ಅವಳ ಕಿವಿಯ ಪಕ್ಕದಲ್ಲಿ ಆಯಸ್ಕಾಂತ ಇಳಿಬಿಟ್ಟೆ. ದಾರ ನೆಟ್ಟಗಿತ್ತು. ತಲೆಯ ಮೇಲೆ, ಎಡಕ್ಕೆ, ಬಲಕ್ಕೆ. ಅಲ್ಲಾಡಲಿಲ್ಲ. “ಇಲ್ಲಿಲ್ಲ ಅಕ್ಕ,” ಎಂದೆ.

ಅವಳು ತಿರುಗಿ ತೊಗಟೆಯ ಮೇಲೆ ಕೈಯಾಡಿಸಿದಳು. “ಇಲ್ಲ ಅಂದ್ರ? ಎಲ್ಲಿ ಹೋಗ್ತದ? ನಾ ಇಲ್ಲೇ ನಿಂತಿದ್ದೆ.”

ಹಿರಿಯ ಆಳು ಏನೋ ಗೊಣಗಿ ಮಣ್ಣು ಹಿಡಿದು ತನ್ನ ಸುತ್ತ ಚೆಲ್ಲಿಕೊಂಡ. ಹುಣಸೆ ಬೆಳೆಯುವುದು ತುದಿಯಿಂದ. ಒಮ್ಮೆ ಹೊಡೆದ ಮೊಳೆ ಇದ್ದಲ್ಲೇ ಇರುತ್ತದೆ, ಏರುವುದಿಲ್ಲ, ಇಳಿಯುವುದಿಲ್ಲ. ಹಾಗಾದರೆ ಎಲ್ಲ ಮೊಳೆಗಳೂ ಎದೆಯ ಕೆಳಗೇ ಏಕೆ? ತಲೆಗೂದಲು ಹಿಡಿದು ಹೊಡೆದ ಮೊಳೆ ಸೊಂಟದೆತ್ತರಕ್ಕೆ ಹೇಗೆ ಬಂದೀತು? ಸ್ವಲ್ಪ ಹೊತ್ತು ನಾನು ನಿಜವಾಗಿ ನಂಬಿದೆ, ಇವರೆಲ್ಲ ನೆಲದೊಳಕ್ಕೆ ಇಳಿಯುತ್ತಿದ್ದಾರೆ ಎಂದು.

ಆಗ ಒಂದು ಲಾರಿ ಹಾದುಹೋಯಿತು. ಅದರ ಗಾಲಿಗಳು ಹೊಲದ ಬದುವಿಗಿಂತ ಎಷ್ಟೋ ಮೇಲೆ ಉರುಳುತ್ತಿದ್ದವು. ಮರದ ಆಚೆಯ ಹೊಲ ತಗ್ಗು, ನಾವು ನಿಂತದ್ದು ದಿಬ್ಬ.

“ಅಕ್ಕ, ನಿಮ್ಮನ್ನ ತಂದಾಗ ಈ ರಸ್ತಾ ಇಷ್ಟು ಎತ್ತರ ಇತ್ತೇನು?”

“ಎಲ್ಲೀದು? ಬಂಡಿ ದಾರಿ. ಹೊಲದ ಸಮಕ್ಕ ಇತ್ತು.”

ರಸ್ತೆ ಏರುತ್ತ ಬಂದಿತ್ತು. ಪ್ರತಿ ಸಲ ಮಣ್ಣು, ಮುರ್ರಂ, ಕಂಕರಿ ಬಿದ್ದು ಬುಡ ಹೂತುಹೋಗಿತ್ತು. ಸಲಿಕೆ ತೆಗೆದುಕೊಂಡೆ. ಆಳುಗಳನ್ನು ಕರೆಯಲಿಲ್ಲ; ಕರೆದರೂ ಬರುತ್ತಿರಲಿಲ್ಲ. ಐದು ನಿಮಿಷ ನಾನೊಬ್ಬನೇ ಅಗೆದೆ. ಆಮೇಲೆ ಎದುರಿಗೆ ಇನ್ನೊಂದು ಸಲಿಕೆಯ ಸಪ್ಪಳ ಕೇಳಿತು. ಮುದಗಲ್ಲಿನವನು.

“ನನಗೂ ಅಕ್ಕ ಒಬ್ಬಾಕಿ ಇದ್ಲು ಮಿಸ್ತ್ರಿ,” ಎಂದ. ಮಣ್ಣು ಎತ್ತಿ ಆಚೆ ಹಾಕಿದ.

ಎರಡು ಅಡಿ ಕೆಳಗೆ ಮಣ್ಣಿನ ಬಣ್ಣ ಬದಲಾಯಿತು. ಕಪ್ಪು ಎರೆಮಣ್ಣು, ತುಳಿದು ಗಟ್ಟಿಯಾದದ್ದು. ಅಲ್ಲಿಗೆ ನಿಲ್ಲಿಸಿದೆವು. ರೊಟ್ಟಿ ಅಕ್ಕ ಗುಂಡಿಗೆ ಇಳಿದಳು. ಚಪ್ಪಲಿ ಬಿಟ್ಟು, ಬೆನ್ನು ಹಚ್ಚಿ, ಗುಡ್ಡದ ಕಡೆ ಮುಖ ಮಾಡಿ, ಕಣ್ಣು ಮುಚ್ಚಿದಳು. ನಡು ಮಧ್ಯಾಹ್ನ, ಸುತ್ತ ಬಯಲು, ಗುಂಡಿಯಲ್ಲಿ ನಿಂತ ಬಿಳಿ ತಲೆಯ ಆ ಹೆಂಗಸು. ಆಯಸ್ಕಾಂತವನ್ನು ಅವಳ ತಲೆಯ ಹಿಂದೆ ಇಳಿಬಿಟ್ಟೆ. ಅದು ಅವಳ ಕೂದಲನ್ನು ಸವರಿಕೊಂಡು ಹೋಗಿ ಮರಕ್ಕೆ ಹತ್ತಿತು.

ಮೊಳೆ ಕೀಳುವುದು ಸುಲಭವಿರಲಿಲ್ಲ. ಮೊದಲು ಸುತ್ತ ಉಳಿಯಿಂದ ಬಟ್ಟಲಿನಂತೆ ಕೆತ್ತಿದೆ. ತುಕ್ಕು ಮರಕ್ಕೆ ಬೆಸೆದಿತ್ತು, ನೇರ ಎಳೆದರೆ ತಲೆ ಕಿತ್ತು ಬರುತ್ತಿತ್ತು. ಸೀಮೆಎಣ್ಣೆ ಬಿಟ್ಟು ಕಾದೆ, ಪೈಪ್ ಪಾನಾದಿಂದ ಮೊಳೆಯ ತಲೆ ಹಿಡಿದು ಕೂದಲೆಳೆಯಷ್ಟು ಆಚೆ, ಅಷ್ಟೇ ಈಚೆ ತಿರುಗಿಸಿದೆ. ಆಗ ಮರದೊಳಗಿಂದ ಆ ಸಪ್ಪಳ ಬಂತು. ಸಣ್ಣದಾಗಿ, ಉದ್ದಕ್ಕೆ, ಚೀರಿದಂತೆ. ಮುದಗಲ್ಲಿನವನ ಕೈಯಲ್ಲಿದ್ದ ಗಡಾರಿ ಕೆಳಗೆ ಬಿತ್ತು. ತುಕ್ಕು ಹಿಡಿದ ಕಬ್ಬಿಣ ಬಿಗಿದ ಮರದಲ್ಲಿ ತಿರುಗಿದರೆ ಹಾಗೇ ಕೂಗುತ್ತದೆ, ನನಗೆ ಗೊತ್ತಿತ್ತು. ಗೊತ್ತಿದ್ದೂ ಪಾನಾ ಬಿಡಬೇಕೆನಿಸಿತು. ಅಕ್ಕ ಮಾತ್ರ ಗುಂಡಿಯ ಅಂಚಿಗೆ ಕೂತು ಸುಮ್ಮನೆ ನೋಡುತ್ತಿದ್ದಳು.

“ನಿಲ್ಲಸಬ್ಯಾಡ್ರಿ,” ಎಂದಳು.

ಮೊಳೆ ಬಂತು. ಅದರ ಜೊತೆ ಕೂದಲಿನ ಒಂದು ಎಳೆಸುರುಳಿ, ಮೊಳದುದ್ದ, ಕಪ್ಪಗೆ, ಮಿಂಚುವ ಕಪ್ಪು. ನಿನ್ನೆ ಬಾಚಿದಂತಿತ್ತು. ಅವಳು ಅದನ್ನು ಅಂಗೈ ಮೇಲೆ ಹಾಕಿಕೊಂಡು ಇನ್ನೊಂದು ಕೈಯಿಂದ ತನ್ನ ಬಿಳಿ ತುರುಬನ್ನು ಮುಟ್ಟಿ ನೋಡಿಕೊಂಡಳು.

“ಆರು ತಿಂಗಳ ಕೂಸು ಹೋಗಿತ್ತು ನಂದು,” ಎಂದಳು, ಯಾರನ್ನೂ ನೋಡದೆ. “ಹೆಣ್ಣು. ಹದಿನೈದು ದಿನ ಅತ್ತೆ. ಊರಿಗೆಲ್ಲಾ ಕೇಳೋಹಂಗ ಅತ್ತೆ. ನಮ್ಮತ್ತಿ ಅಂದ್ಲು, ಇದು ಇಕಿ ದನಿ ಅಲ್ಲ, ಗಾಳಿ ಬಡದದ. ಇಲ್ಲಿಗೆ ತಂದ್ರು. ಮೊಳಿ ಹೊಡದ ಮ್ಯಾಲ ಸುಮ್ಮನಾದೆ. ಗಾಳಿ ಹೋತು ಅಂದ್ರು. ನನಗ ಗಾಳಿ ಎಲ್ಲಿದ್ರೀ ಬಂದಿತ್ತು? ಮತ್ತ ತರ್ತಾರಂತ ಹೆದರಿ ಸುಮ್ಮನಾದೆ.”

ನಾನು ಮರದತ್ತ ನೋಡಿದೆ. ಅಟ್ಟಣಿಗೆಯ ಹಲಗೆಗಳು ಅಲ್ಲೇ ಬಿದ್ದಿದ್ದವು. ಅದನ್ನು ಕಟ್ಟಿದರೆ ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ನಾನು ಹಲಗೆಗಳನ್ನು ಎತ್ತಿ ಟ್ರ್ಯಾಕ್ಟರಿಗೆ ವಾಪಸ್ ಹಾಕಿಸಿದೆ. ಎಲ್ಲ ಮೊಳೆಗಳನ್ನೂ ಕೀಳುವುದು ಎಂದು ಹೇಳಿದೆ. ಆಳುಗಳು ನಾಳೆಯಿಂದ ಬರುವುದಿಲ್ಲ ಎಂದರು. ಬರಬೇಡಿ ಎಂದೆ.

ಆ ದಿನ ಇಳಿಹೊತ್ತಿನವರೆಗೆ, ಮರುದಿನ ಪೂರ್ತಿ, ನಾನು ಮತ್ತು ಮುದಗಲ್ಲಿನವನು ಮೊಳೆ ಕಿತ್ತೆವು. ಗುಂಡಿಯನ್ನು ಮರದ ಸುತ್ತ ಬೆಳೆಸಿದೆವು. ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತ ಹೋದವನು ಅವನು, ಕೆತ್ತಿದವನು ನಾನು. ಒಂದೊಂದೂ ಹೊರಬರುವಾಗ ಒಂದೊಂದು ದನಿ. ಸುದ್ದಿ ಹೇಗೆ ಹಬ್ಬಿತೋ, ಮರುದಿನ ಮಧ್ಯಾಹ್ನ ಇಬ್ಬರು ಹೆಂಗಸರು ಬಂದರು. ಒಬ್ಬಳು ಬುರ್ಖಾದವಳು, ಇನ್ನೊಬ್ಬಳಿಗೆ ಕೋಲು ಬೇಕಿತ್ತು. ಗುಂಡಿಗೆ ಇಳಿದು, ಗುಡ್ಡಕ್ಕೆ ಮುಖ ಮಾಡಿ, ಬೆನ್ನು ಹಚ್ಚಿ ನಿಂತರು. ಮುದಗಲ್ಲಿನವನು ಅವರ ತಲೆಯ ಹಿಂದೆ ಗುರುತು ಹಾಕಿದ. ತಮ್ಮವನ್ನು ತೆಗೆದುಕೊಂಡು ಹೋದರು. ಯಾರೂ ಹುಡುಕಿಕೊಂಡು ಬಾರದ ಮೊಳೆಗಳನ್ನು ಒಂದು ಗೋಣಿಚೀಲಕ್ಕೆ ಹಾಕಿದೆವು.

ಮೂರನೆಯ ದಿನ ಬೆಳಿಗ್ಗೆ ಸಾಲಗುಂದದವನು ಪಟ್ಟಿ ಕಟ್ಟಿದ ಮುಖದಲ್ಲೇ ಬಂದ. ನಾನು ಅವನ ಕೆಂಪು ಮಷಿನ್ನಿಗೆ ಹೊಸ ಚೈನು ಹಾಕಿ ತರಿಸಿದ್ದೆ. ಹಳದಿಯ ಇಂಜಿನ್ನನ್ನು ಅಲ್ಲೇ ಟ್ರ್ಯಾಕ್ಟರಿನ ಮೇಲೆ ಬಿಚ್ಚಿ, ಗೀರು ಬಿದ್ದ ಪಿಸ್ಟನ್, ಹಲ್ಲು ಹೋದ ಚೈನು ಬದಲಿಸಿ ಜೋಡಿಸಿದ್ದೆ. ಮರದ ದಪ್ಪಕ್ಕೆ ಯಾವ ಬಾರೂ ಒಂದು ಬದಿಯಿಂದ ಸಾಲುತ್ತಿರಲಿಲ್ಲ. ಮಸ್ಕಿ ಕಡೆ ಕೆಂಪು, ಲಿಂಗಸುಗೂರು ಕಡೆ ಹಳದಿ. ಮೊದಲು ಬೀಳುವ ದಿಕ್ಕಿಗೆ ಬಾಯಿ ತೆಗೆದರು, ಆಮೇಲೆ ಎರಡೂ ಬದಿಯಿಂದ ಒಳಗೆ ಸರಿದರು. ಹುಡಿ ಹಾರಲಿಲ್ಲ, ಸಿಪ್ಪೆ ಸಿಪ್ಪೆಯಾಗಿ ಬಂತು. ಚೂಪು ಚೈನಿನ ಗುರುತು ಅದೇ. ನಾನು ಹಿಂದಿನಿಂದ ಬೆಣೆ ಹೊಡೆಯುತ್ತ ಇಬ್ಬರ ಕೈ ನೋಡುತ್ತಿದ್ದೆ. ಯಾವ ಮಷಿನ್ ಮೊದಲು ನಡುವಿಗೆ ಮುಟ್ಟಿತು ಎಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ.

ಮರ ನರಳಿತು, ಹೊಲದ ಕಡೆ ವಾಲಿತು, ಬಿತ್ತು. ಧೂಳು ಎದ್ದಿತು. ಇಬ್ಬರೂ ಮಷಿನ್ ಬಂದ್ ಮಾಡಿದರು.

ಆ ನಿಶ್ಶಬ್ದದಲ್ಲಿ ಅಳು ಕೇಳಿಸಿತು. ಎಲ್ಲಿಂದ ಎಂದು ತಿಳಿಯಲಿಲ್ಲ. ಧೂಳಿನ ಒಳಗಿಂದ, ಬೊಡ್ಡೆಯ ಕಡೆಯಿಂದ, ಹೆಣ್ಣುದನಿ. ಎಳೆಯ ಹೆಂಗಸಿನ ದನಿ. ದೂರದಲ್ಲಿ ನೋಡಲು ಬಂದಿದ್ದ ಹಳೇ ಆಳುಗಳು ಹೊಲ ಹಾರಿ ಓಡಿದರು. ಸಾಲಗುಂದದವನು ನನ್ನ ತೋಳು ಹಿಡಿದ, ಅವನ ಉಗುರು ಚುಚ್ಚಿತು. ಮುದಗಲ್ಲಿನವನ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ನಾನು ಮುಂದೆ ಹೋದೆ.

ಧೂಳು ಏಳುತ್ತಲೇ ಇಳಿದು ಬಂದಿರಬೇಕು, ಬೊಡ್ಡೆಗೆ ಒರಗಿ ರೊಟ್ಟಿ ಅಕ್ಕ ಗುಂಡಿಯಲ್ಲಿ ಕೂತಿದ್ದಳು. ರೊಟ್ಟಿ ಬುಟ್ಟಿ ಪಕ್ಕಕ್ಕಿತ್ತು. ಆ ಕಪ್ಪು ಕೂದಲು ಮಡಿಲಲ್ಲಿತ್ತು. ಬಾಯಿ ತೆರೆದು, ಎದೆ ಬಡಿದುಕೊಂಡು, ಒಂದು ಹೆಸರು ಕರೆಕರೆದು ಅಳುತ್ತಿದ್ದಳು. ಕೂಸಿನ ಹೆಸರು. ಆ ದನಿ ಅವಳ ವಯಸ್ಸಿನದಾಗಿರಲಿಲ್ಲ.

ಹಿಂದೆ ಸಾಲಗುಂದದವನು, ಏನಾದರೂ ಮಾಡಬೇಕು ಎನ್ನುವವನಂತೆ, ಕೊಂಬೆ ಸವರಲು ಮಷಿನ್ನಿನ ಹಗ್ಗಕ್ಕೆ ಕೈ ಹಾಕಿದ. ಮುದಗಲ್ಲಿನವನು ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದ. ಇಬ್ಬರೂ ಮಷಿನ್ನುಗಳನ್ನು ಪಕ್ಕಪಕ್ಕ ನೆಲಕ್ಕಿಟ್ಟು ಬಿದ್ದ ಮರದ ಮೇಲೆ ಕೂತರು.

ಬಹಳ ಹೊತ್ತಿನ ಮೇಲೆ ಗುತ್ತಿಗೆದಾರನ ಫೋನು ಬಂತು.

“ಮರ ಬಿತ್ತಂತಲ್ಲ? ಮಷಿನ್ ಸಪ್ಪಳಾನ ಇಲ್ಲ, ಯಾರೋ ಅಳೋದು ಕೇಳಾಕತ್ತದ. ಏನು ನಡದದ ಅಲ್ಲಿ?”

“ಕೆಲಸ ನಡದದ್ರಿ,” ಎಂದು ಹೇಳಿ ಫೋನು ಇಟ್ಟೆ.